ಕಬ್ಬಿಣಕ್ಕೆಂದು ತೆರೆದ ಬಾಗಿಲು

ನನ್ನ ಅತ್ತಿಗೆ ಚೊಚ್ಚಲ ಬಸುರಿಯಾಗಿದ್ದಾಗ ಮಧ್ಯಾಹ್ನದ ಹೊತ್ತು ಹಿತ್ತಿಲ ಗೋಡೆಯ ಬಳಿ ನಿಂತು, ಮಣ್ಣಿನ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಮೂಗಿಗೆ ಬಿದ್ದರೆ ಬಾಯಲ್ಲಿ ನೀರೂರುತ್ತದೆ ಎಂದು ನಾಚಿಕೊಂಡೇ ಹೇಳುತ್ತಿದ್ದರು. ಅಜ್ಜಿ ಕಂಡೂ ಕಾಣದಂತೆ ಇದ್ದರು. ‘ಬಸುರಿ ಬಯಕೆ, ಬೇಡ ಎನ್ನಬಾರದು’ ಎಂಬುದು ಅವರ ಒಂದೇ ಮಾತು. ಎಷ್ಟೋ ವರ್ಷಗಳ ಹಿಂದೆ ಆ ಗೋಡೆಗೆ ಬಳಿದಿದ್ದ ಹಸಿರು ಎಣ್ಣೆ ಬಣ್ಣವೂ ಮಣ್ಣಿನ ಜೊತೆಗೇ ಸಿಪ್ಪೆಯಾಗಿ ಏಳುತ್ತಿತ್ತು. ಆ ತಿಂಗಳ ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್ 8 ಎಂದು ಬರೆದಿತ್ತು. ಮಾತ್ರೆ ಕೊಟ್ಟರು, ಸೊಪ್ಪು ತಿನ್ನಿ ಎಂದರು, ಕಳಿಸಿದರು. ಮಣ್ಣಿನ ವಿಷಯವನ್ನು ಯಾರೂ ಕೇಳಲಿಲ್ಲ, ಅತ್ತಿಗೆ ಹೇಳಲೂ ಇಲ್ಲ.

ಕೇಳಬೇಕಿತ್ತು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಿಗೆ ಮಣ್ಣು, ಸೀಮೆಸುಣ್ಣ, ಬೂದಿ, ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟುವುದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು ಎಂಬುದೂ ಗೊತ್ತಿರುವುದೇ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ಇನ್ನೂ ಸಾವಿರಾರು ಗೋಡೆ, ಕಿಟಕಿ, ಬಾಗಿಲುಗಳ ಮೇಲೆ ಇದೆ. ಸೀಸ ದೇಹಕ್ಕೆ ಸೇರಿದರೆ ರಕ್ತದ ಕೆಂಪು ಬಣ್ಣವನ್ನು ಕಟ್ಟುವ ಕಿಣ್ವಗಳ ಕೆಲಸವನ್ನೇ ತಡೆಯುತ್ತದೆ. ಹಾಗಾಗಿ ಕಬ್ಬಿಣದ ಕೊರತೆಯಿಂದ ಮಣ್ಣಿನ ಬಯಕೆ, ಮಣ್ಣಿನ ಜೊತೆ ಸೀಸ, ಸೀಸದಿಂದ ಇನ್ನಷ್ಟು ರಕ್ತಹೀನತೆ, ಅದರಿಂದ ಮತ್ತೆ ಮಣ್ಣು. ಗಾಣದೆತ್ತಿನ ಸುತ್ತು ಇದು.

ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಎಂಬ ಭಾರಲೋಹಗಳಿಂದ ಹೆಣ್ಣಿನ ಸಂತಾನಶಕ್ತಿಗೆ, ಬಸಿರಿಗೆ ಆಗುವ ಹಾನಿಯ ಬಗ್ಗೆ ಈಗ ಸಾಕಷ್ಟು ಮಾತು ಕೇಳಿಬರುತ್ತಿದೆ. ಜೊತೆಗೇ ‘ವಿಷ ಹೊರಹಾಕುವ’ ಪುಡಿ, ಕಷಾಯ, ರಸಗಳ ವ್ಯಾಪಾರವೂ ಏರುತ್ತಿದೆ. ಊಟದಿಂದ ರಕ್ಷಣೆ ಸಿಗುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಿಗುತ್ತದೆ, ಆದರೆ ಆ ವ್ಯಾಪಾರಿಗಳು ಹೇಳುವ ರೀತಿಯಲ್ಲಿ ಅಲ್ಲ. ಒಳಹೊಕ್ಕ ಲೋಹವನ್ನು ಊಟ ಬಹುಮಟ್ಟಿಗೆ ಗುಡಿಸಿ ಆಚೆ ಹಾಕುವುದಿಲ್ಲ. ಅದು ಮಾಡುವ ದೊಡ್ಡ ಕೆಲಸ ಬಾಗಿಲಲ್ಲೇ ತಡೆಯುವುದು. ಆ ಬಾಗಿಲು ಯಾವುದು ಎಂದು ತಿಳಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕರುಳಿನ ಗೋಡೆಯಲ್ಲಿ ಲೋಹಗಳನ್ನು ಎತ್ತಿ ಒಳಗೆ ಸಾಗಿಸುವ ಒಂದು ಪ್ರೋಟೀನ್ ಇದೆ. ವಿಜ್ಞಾನಿಗಳು ಅದನ್ನು ಡಿಎಂಟಿ-1 ಎನ್ನುತ್ತಾರೆ. ಅದರ ಮುಖ್ಯ ಕೆಲಸ ಕಬ್ಬಿಣವನ್ನು ಒಳಗೆ ತರುವುದು. ದೇಹದಲ್ಲಿ ಕಬ್ಬಿಣದ ದಾಸ್ತಾನು ಚೆನ್ನಾಗಿದ್ದರೆ ಈ ಸಾಗಣೆದಾರರ ಸಂಖ್ಯೆ ಕಡಿಮೆ. ದಾಸ್ತಾನು ಬರಿದಾದರೆ, ಸಿಕ್ಕಷ್ಟನ್ನು ಬಾಚಿಕೊಳ್ಳಲು ದೇಹ ಇವರನ್ನು ಹೆಚ್ಚು ಹೆಚ್ಚಾಗಿ ನಿಲ್ಲಿಸುತ್ತದೆ. ಕ್ಯಾಡ್ಮಿಯಂ ಬಂದರೆ ಈ ಸಾಗಣೆದಾರರು ಅದನ್ನೂ ಕಬ್ಬಿಣವೆಂದೇ ಎತ್ತಿಕೊಳ್ಳುತ್ತಾರೆ. ಕಬ್ಬಿಣ ಕಡಿಮೆ ಇರುವವರಲ್ಲಿ ಸೀಸವೂ ಹೆಚ್ಚಾಗಿಯೇ ಒಳಸೇರುತ್ತದೆ. ಸೀಸಕ್ಕೆ ಇನ್ನೊಂದು ವೇಷವೂ ಇದೆ, ಕ್ಯಾಲ್ಸಿಯಂ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಸೀಸಕ್ಕೆ ಪೈಪೋಟಿಯೇ ಇರುವುದಿಲ್ಲ.

ಈಗ ಆ ಬಾಗಿಲ ಮುಂದೆ ನಮ್ಮ ಹೆಣ್ಣುಮಕ್ಕಳನ್ನು ನಿಲ್ಲಿಸಿ ನೋಡಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇ 47.8. ತಿಂಗಳು ತಿಂಗಳು ಮುಟ್ಟಿನಲ್ಲಿ ಕಬ್ಬಿಣ ಹೋಗುತ್ತದೆ, ಹೆರಿಗೆಯಲ್ಲಿ ಇನ್ನಷ್ಟು ಹೋಗುತ್ತದೆ, ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಅವಳ ಊಟ ಮುಗಿಯುತ್ತದೆ. ಒಂದೇ ಮನೆಯಲ್ಲಿ ಒಂದೇ ಅನ್ನ ಉಂಡರೂ ಗಂಡಸಿಗಿಂತ ಹೆಂಗಸಿನ ಮೈಯಲ್ಲಿ ಕ್ಯಾಡ್ಮಿಯಂ ಹೆಚ್ಚು ಸೇರುವುದಕ್ಕೆ ಮುಖ್ಯ ಕಾರಣ ಈ ಕಬ್ಬಿಣದ ಕೊರತೆಯೇ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂತರೆ ಅದರ ಅರ್ಧ ಭಾಗ ಖಾಲಿಯಾಗಲು 10ರಿಂದ 30 ವರ್ಷ ಬೇಕು. ಹದಿನೈದನೆಯ ವಯಸ್ಸಿನಲ್ಲಿ ತೆರೆದ ಬಾಗಿಲಿನಿಂದ ಒಳಬಂದದ್ದು ಮೂವತ್ತೈದನೆಯ ವಯಸ್ಸಿನಲ್ಲೂ ಅಲ್ಲೇ ಇರುತ್ತದೆ.

ಈ ಬಾಗಿಲನ್ನು ಮುಚ್ಚಬಹುದು ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ ಒದಗಿಸಿದೆ. ಸೀಸದ ಸಂಪರ್ಕ ಇದ್ದ, ಕಬ್ಬಿಣದ ಕೊರತೆಯೂ ಇದ್ದ ನಗರದ ಶಾಲಾಮಕ್ಕಳಿಗೆ 16 ವಾರ ಕಬ್ಬಿಣ ಸೇರಿಸಿದ ಅಕ್ಕಿಯ ಊಟ ಕೊಟ್ಟು ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಶೇ 65ರಷ್ಟು ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿತ್ತು. ಕೊನೆಗೆ ಕಬ್ಬಿಣದ ಊಟ ಉಂಡವರಲ್ಲಿ ಆ ಪ್ರಮಾಣ ಶೇ 29ಕ್ಕೆ ಇಳಿದಿತ್ತು. ಯಾವ ಗಿಡಮೂಲಿಕೆಯೂ ಇಲ್ಲ, ಯಾವ ದುಬಾರಿ ಔಷಧವೂ ಇಲ್ಲ. ಅದು ಮಕ್ಕಳ ಮೇಲಿನ ಪ್ರಯೋಗ, ಬಸುರಿಯರ ಮೇಲಿನದಲ್ಲ. ಆದರೆ ಕರುಳಿನ ಬಾಗಿಲು ಇಬ್ಬರಿಗೂ ಒಂದೇ.

ಒಳಗೆ ಹೋದ ಲೋಹ ಮಾಡುವುದೇನು? ಸೀಸದ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುತ್ತದೆ, ಏಕೆಂದರೆ ಅದು ತಾಯಿಯ ಹಳೆಯ ಬದುಕನ್ನು ಮಗುವಿಗೆ ದಾಟಿಸುತ್ತದೆ. ವಯಸ್ಕರ ಮೈಯಲ್ಲಿರುವ ಸೀಸದಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಮೂಳೆಯಲ್ಲಿ ಅಡಗಿರುತ್ತದೆ, ಅಲ್ಲಿ ದಶಕಗಟ್ಟಲೆ ಇರುತ್ತದೆ. ಬಸುರಿಯಾದಾಗ ಮಗುವಿನ ಎಲುಬು ಕಟ್ಟಲು ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಾಲದಿದ್ದರೆ ದೇಹ ತಾಯಿಯ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಆಗ ಅದರ ಜೊತೆ ಸೀಸವೂ ಎದ್ದು ರಕ್ತಕ್ಕೆ ಬರುತ್ತದೆ. ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿ ಬ್ರಯನ್ ಗುಲ್ಸನ್ 1990ರ ದಶಕದಲ್ಲಿ ಬಹಳ ಚೆನ್ನಾಗಿ ತೋರಿಸಿಕೊಟ್ಟರು. ಬೇರೆ ಬೇರೆ ದೇಶದ ಅದಿರಿನ ಸೀಸಕ್ಕೆ ಬೇರೆ ಬೇರೆ ಗುರುತು ಇರುತ್ತದೆ, ಐಸೊಟೋಪುಗಳ, ಅಂದರೆ ತೂಕ ಬೇರೆ ಬೇರೆ ಇರುವ ಸೀಸದ ಪರಮಾಣುಗಳ, ಅನುಪಾತ ಒಂದೇ ಇರುವುದಿಲ್ಲ. ಪೂರ್ವ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಹೆಂಗಸರು ಬಸುರಿಯರಾದಾಗ ಅವರ ರಕ್ತವನ್ನು ಗುಲ್ಸನ್ ತಂಡ ಪರೀಕ್ಷಿಸಿತು. ಬಿಟ್ಟುಬಂದ ತಾಯ್ನಾಡಿನ ಸೀಸ ಅವರ ಮೂಳೆಯಿಂದ ಎದ್ದು ರಕ್ತದಲ್ಲಿ ಕಾಣಿಸಿಕೊಂಡಿತು. ಎದೆಹಾಲು ಕುಡಿಸುವ ತಿಂಗಳುಗಳಲ್ಲೂ ಅದು ನಿಲ್ಲಲಿಲ್ಲ.

ಬ್ಯಾಟರಿ ಕಾರ್ಖಾನೆಯ ಪಕ್ಕದ ಓಣಿಯಲ್ಲಿ ಬೆಳೆದು, ಮದುವೆಯಾಗಿ ಸ್ವಚ್ಛವಾದ ಊರಿಗೆ ಹೋದ ಹುಡುಗಿಯ ಮೂಳೆಯಲ್ಲಿ ಆ ಓಣಿ ಹಾಗೆಯೇ ಇರುತ್ತದೆ. ಮೆಕ್ಸಿಕೊ ನಗರದ ಗರ್ಭಿಣಿಯರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಏರಿದಂತೆಲ್ಲ ಗರ್ಭಪಾತದ ಸಂಭವ ಸುಮಾರು 1.8 ಪಟ್ಟು ಹೆಚ್ಚಿದ್ದು ಕಂಡುಬಂತು. ಬಸಿರಿನ ರಕ್ತದೊತ್ತಡ, ಕಡಿಮೆ ತೂಕದ ಕೂಸು, ಮುಂದೆ ಮಗುವಿನ ಕಲಿಕೆಗೆ ಆಗುವ ಪೆಟ್ಟು ಇವೆಲ್ಲಕ್ಕೂ ಸೀಸದ ನಂಟು ಇದೆ.

ಕ್ಯಾಡ್ಮಿಯಂ ಹೆಚ್ಚಾಗಿ ಮಾಸಿನಲ್ಲೇ (ಪ್ಲಾಸೆಂಟಾ) ಸಿಕ್ಕಿಕೊಳ್ಳುತ್ತದೆ, ಮಗುವಿಗೆ ಅಷ್ಟಾಗಿ ದಾಟುವುದಿಲ್ಲ. ಆದರೆ ಹಾಗೆ ಕೂತುಕೊಂಡೇ ಮಗುವಿಗೆ ಹೋಗಬೇಕಾದ ಸತುವನ್ನು ತಡೆಯುತ್ತದೆ. ಈಸ್ಟ್ರೋಜೆನ್ ಹಾರ್ಮೋನಿನ ಜಾಗಕ್ಕೆ ತಾನು ಅಂಟಿಕೊಂಡು ಅದರಂತೆಯೇ ವರ್ತಿಸುವ ಗುಣವೂ ಅದಕ್ಕಿದೆ, ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ತಯಾರಿಕೆಯನ್ನೂ ಕೆಡಿಸಬಲ್ಲದು. ಆರ್ಸೆನಿಕ್ ಮಾಸನ್ನು ಸಲೀಸಾಗಿ ದಾಟುತ್ತದೆ. ಬಾಂಗ್ಲಾದೇಶ, ಪಶ್ಚಿಮ ಬಂಗಾಳಗಳಲ್ಲಿ ಆರ್ಸೆನಿಕ್ ಬೆರೆತ ನೀರು ಕುಡಿದ ಹೆಂಗಸರಲ್ಲಿ ಗರ್ಭಪಾತ, ಸತ್ತು ಹುಟ್ಟುವ ಕೂಸುಗಳ ಸಂಖ್ಯೆ ಹೆಚ್ಚಿರುವುದು ದಾಖಲಾಗಿದೆ. ಪಾದರಸ ಏನು ಮಾಡಬಲ್ಲದು ಎಂಬುದನ್ನು, ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ಮೈಸೇರಿದ ಜಪಾನಿನ ಮಿನಾಮಾಟಾ ಎಂಬ ಊರು ಜಗತ್ತಿಗೆ ತೋರಿಸಿತು. 1956ರಲ್ಲಿ ಆ ವಿಷದ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂದಾಗ, ವಿಷ ಮಾಸನ್ನು ದಾಟುವುದಿಲ್ಲ ಎಂದೇ ವೈದ್ಯರು ನಂಬಿದ್ದರು. ಅಲ್ಲಿನ ತಾಯಂದಿರು ಮೇಲ್ನೋಟಕ್ಕೆ ಆರೋಗ್ಯವಾಗಿದ್ದರು, ಹುಟ್ಟಿದ ಮಕ್ಕಳು ಕತ್ತು ನಿಲ್ಲಿಸಲಾರದೆ ಮಲಗಿದ್ದವು. ಜಪಾನಿನ ಮನೆಗಳಲ್ಲಿ ಮಗುವಿನ ಹೊಕ್ಕಳಬಳ್ಳಿಯನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವ ಪದ್ಧತಿ ಇದೆ. ವೈದ್ಯ ಮಸಾಜುಮಿ ಹರಾದಾ ಆ ಒಣಗಿದ ತುಂಡುಗಳನ್ನು ತಾಯಂದಿರಿಂದ ಕೇಳಿ ಪಡೆದು ಪರೀಕ್ಷೆ ಮಾಡಿಸಿದರು. ಪಾದರಸ ಅದರೊಳಗೇ ಇತ್ತು.

ಇಷ್ಟೆಲ್ಲ ಓದಿದ ಮೇಲೆ ಕೈಚೆಲ್ಲಿ ಕೂರಬೇಕಾಗಿಲ್ಲ. ಮನುಷ್ಯರ ಮೇಲೆಯೇ ಪರೀಕ್ಷಿಸಿ ನೋಡಿದ, ಸರಳವಾದ ಎರಡು ಉಪಾಯಗಳಿವೆ.

ಮೊದಲನೆಯದು ಕ್ಯಾಲ್ಸಿಯಂ. ಮತ್ತೆ ಮೆಕ್ಸಿಕೊ ನಗರವೇ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡಲಾಯಿತು. ಅವರ ರಕ್ತದ ಸೀಸ ಸರಾಸರಿ ಶೇ 11ರಷ್ಟು ತಗ್ಗಿತು. ತಪ್ಪದೆ ತೆಗೆದುಕೊಂಡವರಲ್ಲಿ, ಮೊದಲೇ ಸೀಸ ಹೆಚ್ಚಿದ್ದವರಲ್ಲಿ ಇನ್ನೂ ಹೆಚ್ಚು ಇಳಿಯಿತು. ಮಾತ್ರೆಯನ್ನು ಮಲಗುವ ಹೊತ್ತಿಗೆ ಕೊಟ್ಟಿದ್ದರು ಎಂಬುದನ್ನು ಗಮನಿಸಬೇಕು. ರಾತ್ರಿ ಹೊಟ್ಟೆ ಖಾಲಿ ಇರುವಾಗಲೇ ಮೂಳೆ ಹೆಚ್ಚು ಕರಗುವುದು. ಆ ಹೊತ್ತಿಗೆ ರಕ್ತಕ್ಕೆ ಹೊರಗಿನಿಂದ ಕ್ಯಾಲ್ಸಿಯಂ ಸಿಕ್ಕರೆ ಮೂಳೆಯ ಕದ ತಟ್ಟುವ ಅಗತ್ಯ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ಇದನ್ನು ಒಪ್ಪಿದೆ: ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದ್ದು, ಊಟದಲ್ಲಿ ಕ್ಯಾಲ್ಸಿಯಂ ಸಾಲದ ಗರ್ಭಿಣಿಗೆ ಅದನ್ನು ಪೂರಕವಾಗಿ ಕೊಡಬೇಕು ಎನ್ನುತ್ತದೆ.

ನಮ್ಮಲ್ಲಿ ಗರ್ಭಿಣಿಯರಿಗೆ ಸರ್ಕಾರವೇ ಕ್ಯಾಲ್ಸಿಯಂ ಮಾತ್ರೆ ಕೊಡುತ್ತದೆ. ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಟ್ಟು, ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೆ ನುಂಗಬೇಡಿ ಎಂದು ಹೇಳಿಹೋಗುತ್ತಾರೆ. ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಆದರೆ ಮಾತ್ರೆ ಬರುವುದು ಬಸಿರು ನಿಂತು ಮೂರು ತಿಂಗಳಾದ ಮೇಲೆ. ಅದಕ್ಕೂ ಮುಂಚಿನ ಇಪ್ಪತ್ತು ವರ್ಷ ಅವಳಿಗೆ ಕ್ಯಾಲ್ಸಿಯಂ ಕೊಡಬೇಕಾದದ್ದು ತಟ್ಟೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕ ಹೆಂಗಸಿಗೆ ದಿನಕ್ಕೆ 1,000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 1,200 ಮಿಲಿಗ್ರಾಂ ಬೇಕು ಎಂದು ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನೂರೈವತ್ತು ಗ್ರಾಂ ಹಿಟ್ಟಿನ ಎರಡು ಮುದ್ದೆ ಉಂಡರೆ 500 ಮಿಲಿಗ್ರಾಂ ದಾಟುತ್ತದೆ. ಎಲ್ಲವೂ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿದ ರಾಗಿಯಲ್ಲಿ ಆ ತೊಡಕು ಕಡಿಮೆ. ಬಾಣಂತಿಗೆ, ಕೂಸಿಗೆ ಮೊಳಕೆ ರಾಗಿಯನ್ನು ಹುರಿದು ಬೀಸಿ ಸರಿಹಿಟ್ಟು ಮಾಡುವ ನಮ್ಮ ಹೆಂಗಸರ ರೂಢಿಗೆ ನಾನು ಕೈ ಮುಗಿಯುತ್ತೇನೆ. ಜೊತೆಗೆ ಎಳ್ಳು, ನುಗ್ಗೆಸೊಪ್ಪು, ಒಂದು ಲೋಟ ಹಾಲು ಅಥವಾ ಮಜ್ಜಿಗೆ. ಅಕ್ಕಿ ತಿನ್ನುವುದೇ ಏಳಿಗೆ, ಮುದ್ದೆ ಬಡವರ ಊಟ ಎಂಬ ಭಾವನೆ ಹಳೆ ಮೈಸೂರು ಸೀಮೆಯ ಎಷ್ಟು ಹೆಣ್ಣುಮಕ್ಕಳ ಮೂಳೆಯನ್ನು ಸವೆಸಿತೋ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ.

ಎರಡನೆಯ ಉಪಾಯ ಆರ್ಸೆನಿಕ್‌ಗೆ ಸಂಬಂಧಿಸಿದ್ದು. ದೇಹ ಈ ವಿಷವನ್ನು ಮೂತ್ರದಲ್ಲಿ ಕಳಿಸುವ ಮುನ್ನ ಅದಕ್ಕೆ ಮೀಥೈಲ್ ಎಂಬ ಗುಂಪನ್ನು ಜೋಡಿಸಬೇಕು. ಆ ಕೆಲಸಕ್ಕೆ ಫೋಲೇಟ್ ಎಂಬ ಬಿ ಜೀವಸತ್ವ, ಬಿ-12, ಒಳ್ಳೆಯ ಪ್ರೋಟೀನ್ ಬೇಕು. ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆ ಇದ್ದವರಿಗೆ 12 ವಾರ, ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಕೊಟ್ಟ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಅವರ ರಕ್ತದ ಆರ್ಸೆನಿಕ್ ಸುಮಾರು ಶೇ 14ರಷ್ಟು ಇಳಿಯಿತು, ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ 2.5ರಷ್ಟು ಮಾತ್ರ. ಒಳಹೊಕ್ಕ ಲೋಹವನ್ನು ಹೊರಗೆ ಕಳಿಸಲು ಪೋಷಕಾಂಶವೊಂದು ನೆರವಾಗುತ್ತದೆ ಎಂದು ಮನುಷ್ಯರಲ್ಲೇ ತೋರಿಸಿದ ಅಪರೂಪದ ಉದಾಹರಣೆ ಇದು.

ಇದು ನಮಗೆ ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಅದರ ಹತ್ತಿರದಲ್ಲೇ ಮಂಗಳೂರು ಎಂಬ ಹಳ್ಳಿಯ ಬಳಿ, ಈಗ ಮುಚ್ಚಿಹೋದ ಚಿನ್ನದ ಗಣಿ. ಚಿನ್ನ ಇರುವ ಶಿಲೆಯಲ್ಲಿ ಆರ್ಸೆನಿಕ್ ಅದಿರು ಇರುವುದು ಸಾಮಾನ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು ಎಂಬ ಮಿತಿಯನ್ನು ಹಲವು ಪಟ್ಟು ದಾಟಿದ ಕೊಳವೆಬಾವಿಗಳು ಅಲ್ಲಿ ಪತ್ತೆಯಾದವು. 2013ರಲ್ಲಿ ಪ್ರಕಟವಾದ ಅಧ್ಯಯನ ಅಲ್ಲಿನವರ ಅಂಗೈ ಅಂಗಾಲುಗಳ ಗಂಟುಗಳನ್ನೂ ಮೈಮೇಲಿನ ಕಲೆಗಳನ್ನೂ ದಾಖಲಿಸಿತು. ಅಂಥ ಊರಿನ ಹೆಣ್ಣುಮಗಳಿಗೆ ಮೊಳಕೆ ಹೆಸರು, ಕಡಲೆ, ಅಲಸಂದೆ, ಮೆಂತ್ಯ ಸೊಪ್ಪು, ಒಂದು ಮೊಟ್ಟೆ ಎಂದರೆ ಬರೀ ಪುಷ್ಟಿಯ ಮಾತಲ್ಲ, ಅವಳ ಮೈಯ ಶುದ್ಧೀಕರಣದ ಕೂಲಿ. ಜೋಳದ ರೊಟ್ಟಿಯ ಊಟಕ್ಕೂ ಇಲ್ಲಿ ಬೆಲೆ ಇದೆ. ನೀರು ನಿಲ್ಲಿಸಿ ಬೆಳೆಯುವ ಭತ್ತ ಉಳಿದ ಧಾನ್ಯಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಆರ್ಸೆನಿಕ್ ಹೀರುತ್ತದೆ. ಅನ್ನವನ್ನೇ ಮಾಡುವುದಾದರೆ ಒಳ್ಳೆಯ ನೀರನ್ನು ಹೆಚ್ಚಾಗಿ ಹಾಕಿ ಬೇಯಿಸಿ ಗಂಜಿ ಬಸಿಯುವ ಹಳೆಯ ಕ್ರಮ ಕುಕ್ಕರಿಗಿಂತ ಮೇಲು. ನೀರೇ ಕೆಟ್ಟದ್ದಾದರೆ ಬಸಿದೂ ಪ್ರಯೋಜನವಿಲ್ಲ, ಅನ್ನ ಆ ನೀರಿನ ವಿಷವನ್ನೂ ಕುಡಿದುಬಿಡುತ್ತದೆ.

ಇನ್ನು ಎಲ್ಲೆಡೆ ಕಾಣುವ ಪಟ್ಟಿಗಳು: ಅರಿಸಿನ, ಬೆಳ್ಳುಳ್ಳಿ, ನೆಲ್ಲಿಕಾಯಿ, ಹಸಿರು ಚಹಾ, ದಾಳಿಂಬೆ. ಇವು ಲೋಹಗಳು ಎಬ್ಬಿಸುವ ಉತ್ಕರ್ಷಣದ (ಆಕ್ಸಿಡೇಶನ್) ಹಾನಿಯನ್ನು ತಗ್ಗಿಸುತ್ತವೆ ಎಂಬ ವಾದಕ್ಕೆ ಆಧಾರವಿದೆ, ಆದರೆ ಆ ಆಧಾರದ ಬಹುಪಾಲು ಇಲಿಗಳ ಅಂಡಾಶಯದಲ್ಲಿದೆ. ಇಲಿಗೆ ಭಾರಿ ಪ್ರಮಾಣದ ಕ್ಯಾಡ್ಮಿಯಂ ಕೊಟ್ಟು, ಜೊತೆಗೆ ಅರಿಸಿನದ ಸಾರವನ್ನೋ ಸಿ ಜೀವಸತ್ವವನ್ನೋ ಭಾರಿ ಪ್ರಮಾಣದಲ್ಲಿ ಕೊಟ್ಟು ನೋಡಿದ ಪ್ರಯೋಗಗಳು ಅವು. ಬೆಳ್ಳುಳ್ಳಿಯನ್ನು ಇರಾನಿನ ಕಾರು ಬ್ಯಾಟರಿ ಕಾರ್ಮಿಕರ ಮೇಲೆ ಪರೀಕ್ಷಿಸಿದ್ದಾರೆ, ಫಲಿತಾಂಶ ಆಸೆ ಹುಟ್ಟಿಸುವಂತಿದೆ, ಆದರೆ ಅದು ನಾಲ್ಕು ವಾರಗಳ ಪುಟ್ಟ ಪ್ರಯೋಗ. ನೆಲ್ಲಿಕಾಯಿಯನ್ನು ನಾನು ಬೇರೆ ಕಾರಣಕ್ಕೆ ಒಪ್ಪುತ್ತೇನೆ: ಸೊಪ್ಪು, ಕಾಳುಗಳ ಕಬ್ಬಿಣವನ್ನು ಕರುಳು ಹೀರಲು ಅದರ ಹುಳಿ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನೇ ಕೆಡಿಸುತ್ತದೆ.

ಅರಿಸಿನದ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಬಣ್ಣ ಹೊಳೆಯಲಿ ಎಂದು ಅರಿಸಿನದ ಕೊಂಬಿಗೆ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಉಜ್ಜುವ ವ್ಯಾಪಾರಿಗಳಿದ್ದಾರೆ. ಹೆಸರಿನಲ್ಲೇ ಇರುವಂತೆ ಅದು ಸೀಸ. ಬಾಂಗ್ಲಾದೇಶದಲ್ಲಿ ಸಂಶೋಧಕರು ಗರ್ಭಿಣಿಯರ ರಕ್ತದ ಸೀಸದ ಮೂಲ ಹುಡುಕುತ್ತ ಹೋಗಿ ತಲುಪಿದ್ದು ಅರಿಸಿನದ ಗಿರಣಿಗೆ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ಶೇ 47ರಷ್ಟರಲ್ಲಿ ಕಲಬೆರಕೆ ಇತ್ತು. ಸರ್ಕಾರ ಗಿರಣಿಗಳ ಮೇಲೆ ದಾಳಿ ಮಾಡಿತು, ದಂಡ ಹಾಕಿತು, ಜನರಿಗೆ ತಿಳಿಹೇಳಿತು. 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ನಮ್ಮ ಪಟ್ನಾದ ಮಾರುಕಟ್ಟೆಯಲ್ಲಿ ಗ್ರಾಂಗೆ 1,000 ಮೈಕ್ರೊಗ್ರಾಂ ಮೀರಿದ ಸೀಸದ ಅರಿಸಿನ ಸಿಕ್ಕಿದ್ದು 2024ರಲ್ಲಿ ವರದಿಯಾಯಿತು; ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 10. ಲೋಹದಿಂದ ಕಾಪಾಡುತ್ತದೆ ಎಂದು ಒಬ್ಬ ಬಸುರಿ ಹಾಲಿಗೆ ಹಾಕಿಕೊಳ್ಳುವ ಚಿಟಿಕೆ ಅರಿಸಿನವೇ ಲೋಹವಾದರೆ ಅವಳು ಎಲ್ಲಿಗೆ ಹೋಗಬೇಕು? ಕೊಂಬು ತಂದು, ತೊಳೆದು, ಒಣಗಿಸಿ, ಮನೆಯಲ್ಲಿ ಪುಡಿ ಮಾಡಿಕೊಂಡರೆ ಅಪಾಯ ತಗ್ಗುತ್ತದೆ. ಅತಿಯಾಗಿ ಹೊಳೆಯುವ ಕೊಂಬನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಲೇಸು.

ಔಷಧದ ಹೆಸರಿನಲ್ಲೂ ಇದೇ ಮೋಸ ನಡೆಯುತ್ತದೆ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ 16ರಿಂದ 64 ಮೈಕ್ರೊಗ್ರಾಂವರೆಗೆ ಏರಿತ್ತು. ಆರೂ ಮಂದಿ ಭಾರತದಿಂದ ಬಂದ ಆಯುರ್ವೇದದ ಹೆಸರಿನ ಔಷಧಗಳನ್ನು ಸೇವಿಸುತ್ತಿದ್ದರು, ಕೆಲವರು ಬಸಿರಿನ ಒಳಿತಿಗೆಂದೇ. ಲೋಹವನ್ನು ಸುಟ್ಟು ಮಾಡಿದ ಭಸ್ಮ ಸೇರಿದ ಮಾತ್ರೆಯನ್ನು ಬಸಿರಿನಲ್ಲಿ, ಬಸಿರಾಗಬೇಕೆಂದಿರುವಾಗ ಮುಟ್ಟಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಪಾತ್ರೆಯ ಮಾತು. ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಕಲಾಯಿಯವರು ಬರುತ್ತಿದ್ದರು. ನೆಲದಲ್ಲಿ ಕುಳಿ ತೋಡಿ ಇದ್ದಿಲು ಹೊತ್ತಿಸಿ, ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಉದುರಿಸಿದರೆ ಬಿಳಿ ಹೊಗೆ ಬುಸ್ಸೆಂದು ಏಳುತ್ತಿತ್ತು. ತವರದ ತುಂಡನ್ನು ಮುಟ್ಟಿಸಿ ಹತ್ತಿಯಿಂದ ಸುತ್ತ ಒರೆಸಿದರೆ ಪಾತ್ರೆಯ ಒಳಗು ಬೆಳ್ಳಿಯಾಗುತ್ತಿತ್ತು. ತವರ ದುಬಾರಿ, ಸೀಸ ಅಗ್ಗ, ಎರಡೂ ಕರಗಿದಾಗ ಒಂದೇ ಬಣ್ಣ. ಸೀಸ ಬೆರೆತ ಕಲಾಯಿಯ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ ಸಾರಿಗೆ ಸೀಸ ಇಳಿಯುತ್ತದೆ. ಕಲಾಯಿ ಮಾಡಿಸುವವರು ಶುದ್ಧ ತವರವನ್ನು ತಾವೇ ಕೊಡಿಸಬೇಕು. ಹಳೆಯ ಲೋಹದ ಚೂರುಗಳನ್ನು ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳದ್ದೂ ಇದೇ ತೊಂದರೆ. ಹಿತ್ತಾಳೆ, ಅಲ್ಯೂಮಿನಿಯಂ, ಹಿಂಡಾಲಿಯಂ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಕೆಲವು ಆಮದು ಪಾತ್ರೆಗಳಿಂದ ಆಹಾರಕ್ಕೆ ಸೀಸ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಮಗಳ ಬಾಣಂತನಕ್ಕೆಂದು ವಿಮಾನ ಹತ್ತುವ ನಮ್ಮ ಅಮ್ಮಂದಿರು ಪೆಟ್ಟಿಗೆಯಲ್ಲಿ ಒಯ್ಯುವುದು ಇಂಥವುಗಳನ್ನೇ. ಸ್ಟೀಲು ಸಾಕು.

ಕರಾವಳಿಯಲ್ಲಿ ಮೀನಿನ ಪ್ರಶ್ನೆ ಏಳುತ್ತದೆ. ಮೀನು ಬಿಡುವ ಅಗತ್ಯವಿಲ್ಲ, ಬಿಡಲೂ ಬಾರದು. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತ ಹೋದಂತೆ ಪಾದರಸ ಶೇಖರವಾಗುತ್ತದೆ, ಆದ್ದರಿಂದ ದೊಡ್ಡ ತಾಟೆಯಂಥವು (ಶಾರ್ಕ್) ಬಸುರಿಗೆ ಬೇಡ. ಬೂತಾಯಿ, ಬಂಗುಡೆ ಧಾರಾಳವಾಗಿ ಇರಲಿ.

ಇಷ್ಟು ಬರೆದ ಮೇಲೂ ಒಂದು ಭಯ ನನ್ನನ್ನು ಬಿಡುವುದಿಲ್ಲ. ‘ಸರಿಯಾಗಿ ಉಣ್ಣಿ’ ಎಂಬ ಮಾತು ಬಹಳ ಸುಲಭವಾಗಿ ‘ನೀವು ಸರಿಯಾಗಿ ಉಣ್ಣದಿದ್ದದ್ದೇ ತಪ್ಪು’ ಎಂದು ಮಗುಚಿಕೊಳ್ಳುತ್ತದೆ. ಹಾಗೆ ಮಗುಚಿದ ಚರಿತ್ರೆ ಇದೆ.

ಜಪಾನಿನ ತೊಯಾಮಾ ಪ್ರಾಂತ್ಯದ ಜಿಂಜು ನದಿಯ ದಂಡೆಯ ಹಳ್ಳಿಗಳಲ್ಲಿ ಹೆಂಗಸರು ‘ಇತಾಯ್, ಇತಾಯ್’ ಎಂದು ನರಳುತ್ತಿದ್ದರು. ನೋಯುತ್ತದೆ, ನೋಯುತ್ತದೆ ಎಂದು ಅದರ ಅರ್ಥ. ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. ರೋಗಿಗಳಲ್ಲಿ ಹೆಚ್ಚಿನವರು ನಲವತ್ತು ದಾಟಿದ, ಹಲವು ಮಕ್ಕಳನ್ನು ಹೆತ್ತ, ಗದ್ದೆಯಲ್ಲಿ ದುಡಿದ ಹೆಂಗಸರು. ಬಡತನದ ಊಟ, ಪೌಷ್ಟಿಕಾಂಶದ ಕೊರತೆ ಎಂದು ಹೇಳಿದವರು ಇದ್ದರು. ಊರಿನ ವೈದ್ಯ ನೊಬೊರು ಹಗಿನೊ ಮಾತ್ರ, ನದಿಯ ಮೇಲ್ಭಾಗದ ಕಮಿಯೊಕಾ ಸತುವಿನ ಗಣಿಯ ಕಡೆ 1957ರಲ್ಲೇ ಬೆರಳು ತೋರಿದರು. ಗಣಿಯ ಕ್ಯಾಡ್ಮಿಯಂ ನದಿಗೆ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದಿತ್ತು. 1968ರಲ್ಲಿ ಸರ್ಕಾರ ಅದನ್ನು ಒಪ್ಪಿತು: ಮೂಲ ಕಾರಣ ಕ್ಯಾಡ್ಮಿಯಂ, ಬಸಿರು, ಹಾಲೂಡಿಸುವಿಕೆ, ವಯಸ್ಸು, ಕ್ಯಾಲ್ಸಿಯಂ ಕೊರತೆ ಅದಕ್ಕೆ ಒತ್ತು ಕೊಟ್ಟವು. 1971ರಲ್ಲಿ ಹಳ್ಳಿಯವರು ಗಣಿ ಕಂಪನಿಯಾದ ಮಿಟ್ಸುಯಿಯ ವಿರುದ್ಧ ಗೆದ್ದರು, ಮುಂದಿನ ವರ್ಷ ಮೇಲ್ಮನವಿಯಲ್ಲೂ ಗೆದ್ದರು. ಗದ್ದೆಗಳ ಮಣ್ಣನ್ನು ಹಸನು ಮಾಡುವ ಕೆಲಸ ಮುಗಿದದ್ದು 2012ರಲ್ಲಿ.

ಸರ್ಕಾರದ ಆ ವಾಕ್ಯದ ಎರಡು ಭಾಗಗಳೂ ನಿಜ. ಊಟ ಚೆನ್ನಾಗಿದ್ದಿದ್ದರೆ ಆ ಹೆಂಗಸರ ಮೂಳೆ ಇಷ್ಟು ಮುರಿಯುತ್ತಿರಲಿಲ್ಲ. ಆದರೆ ಎಷ್ಟು ಚೆನ್ನಾಗಿ ಉಂಡರೂ ಆ ಅನ್ನ ಅನ್ನವಾಗುತ್ತಿರಲಿಲ್ಲ. ಬೆಂಗಳೂರಿನ ವೃಷಭಾವತಿ ನದಿಯ ಕೊಳಚೆ ಬೈರಮಂಗಲದ ಕೆರೆಗೆ ಬಂದು, ಅಲ್ಲಿಂದ ಹೊಲಕ್ಕೆ ಹರಿದು ಬೆಳೆಸುವ ಸೊಪ್ಪಿನ ವಿಷಯದಲ್ಲೂ ಇದೇ ಆಗುತ್ತದೆ. ಎಲೆ ತರಕಾರಿಗಳು ಮಣ್ಣಿನ ಕ್ಯಾಡ್ಮಿಯಂ, ಸೀಸಗಳನ್ನು ಕಾಯಿಗಳಿಗಿಂತ ಹೆಚ್ಚು ಎಳೆದುಕೊಳ್ಳುತ್ತವೆ. ರಕ್ತಹೀನತೆಗೆ ಸೊಪ್ಪು ತಿನ್ನಿ ಎಂದು ಹೇಳುವ ಸರ್ಕಾರ ಆ ಸೊಪ್ಪಿಗೆ ಎಂಥ ನೀರು ಹೋಗುತ್ತಿದೆ ಎಂಬುದಕ್ಕೂ ಹೊಣೆ ಹೊರಬೇಕು.

ಕರ್ನಾಟಕ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ನನಗೆ ಈ ಕಾರಣಕ್ಕೇ ಮುಖ್ಯವಾಗಿ ಕಾಣುತ್ತದೆ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿ ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಶೇಂಗಾ ಚಿಕ್ಕಿ. ಕ್ಯಾಲ್ಸಿಯಂ, ಪ್ರೋಟೀನ್, ಬಿ-12 ಎಲ್ಲವೂ ಆ ತಟ್ಟೆಯಲ್ಲಿವೆ. ಮನೆಯಲ್ಲಿ ಕೊನೆಗೆ ಉಣ್ಣುವವಳು ಅಲ್ಲಿ ಮೊದಲು ಉಣ್ಣುತ್ತಾಳೆ. ಆದರೆ ಅವಳನ್ನು ತೂಗುವಾಗ, ಹಿಮೋಗ್ಲೋಬಿನ್ ನೋಡುವಾಗ, ಮಣ್ಣು ತಿನ್ನುತ್ತೀಯಾ ತಾಯಿ, ಮನೆಯಲ್ಲಿ ಯಾರಾದರೂ ಬ್ಯಾಟರಿ ಒಡೆಯುವ ಕೆಲಸಕ್ಕೆ ಹೋಗುತ್ತಾರೆಯೇ, ಕುಡಿಯುವ ನೀರು ಯಾವ ಬೋರಿನದು ಎಂಬ ಮೂರು ಪ್ರಶ್ನೆಗಳನ್ನು ಕೇಳುವಂತಾಗಬೇಕು. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಇರಬೇಕು. ಎಣ್ಣೆ ಬಣ್ಣ ಎದ್ದ ಗೋಡೆ, ಮುಚ್ಚಿದ ಗಣಿ, ಬ್ಯಾಟರಿ ಗುಜರಿ ಇರುವ ಕಡೆಗಳಲ್ಲಿ ರಕ್ತದ ಸೀಸ ಪರೀಕ್ಷೆ ಉಚಿತವಾಗಿ ಸಿಗಬೇಕು.

ಅತ್ತಿಗೆಯ ಮಗಳಿಗೆ ಈಗ ಹತ್ತೊಂಬತ್ತು. ಹಿತ್ತಿಲ ಗೋಡೆಯನ್ನು ಕೆಡವಿ ಸಿಮೆಂಟಿನದು ಕಟ್ಟಿಸಿ ಎಷ್ಟೋ ವರ್ಷವಾಯಿತು. ಮೊನ್ನೆ ಅವಳ ಕಾಲೇಜಿನಲ್ಲಿ ರಕ್ತ ತಪಾಸಣೆ ನಡೆಯಿತಂತೆ. ಚೀಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಸ್ನಾನಕ್ಕೆ ಹೋಗಿದ್ದಳು. ಅತ್ತಿಗೆ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಓದಿದರು: 9.2. ಒಂದು ಮಾತೂ ಆಡದೆ ರಾಗಿ ಡಬ್ಬಿಯ ಮುಚ್ಚಳ ತೆಗೆದು, ನಾಲ್ಕು ಸೇರು ಅಳೆದು ನೆನೆಹಾಕಿದರು.